ಪೊರೆ ತೆಗೆದ ತರುವಾಯ



ಕೃಷ್ಣೆ ತುಂಗಭದ್ರೆಯರ ನಡುವಣ ಈ ರಾಯಚೂರು ಸೀಮೆಯಲ್ಲಿ ಮುಪ್ಪಿನವರಿರುವ ಮನೆಯೊಳಗೆ ಮೋತಿಬಿಂದುವೆಂಬ ಮಾತು ಒಮ್ಮೆಯಾದರೂ ಕೇಳಿಬಾರದೆ ಹೋಗುವುದು ವಿರಳ. ಮುತ್ತಿನ ಹನಿಯೆಂಬ ಅರ್ಥದ ಈ ಹೆಸರು ನೆರೆನುಡಿಗಳಿಂದ ಇಲ್ಲಿಗೆ ಬಂದು ನೆಲೆಸಿದುದು. ಬಲಿತ ರೋಗದಲ್ಲಿ ಕಣ್ಣಪಾಪೆಯ ಕಪ್ಪಿನೊಳಗೆ ಮುತ್ತಿನಂಥ ಬಿಳುಪು ತೋರುವುದರಿಂದ ಆ ಹೆಸರು ಒಪ್ಪುತ್ತದೆ. ಕನ್ನಡದ ಪೊರೆ ಎಂಬ ಮಾತಾದರೋ ಕೊಂಚ ತಪ್ಪು ಕಲ್ಪನೆಗೆ ಎಡೆಮಾಡಿಕೊಟ್ಟಿದೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಣ್ಣಿನ ಮೇಲೆ ಏನೋ ಕಟ್ಟಿಕೊಳ್ಳುತ್ತದೆ, ಅದನ್ನು ಸುಲಿದು ತೆಗೆದರೆ ಮೊದಲಿನ ಕಣ್ಣು ಮೊದಲಿನಂತೆಯೇ ಸಿಕ್ಕುತ್ತದೆ, ಅಲ್ಲಿಗೆ ಕೆಲಸ ತೀರಿತು ಎಂದು ಬಹುಜನರು ನಂಬಿದ್ದಾರೆ. ಈ ನಂಬುಗೆಯಿಂದ ಎಷ್ಟೋ ಕಣ್ಣುಗಳು ಒಮ್ಮೆ ಬೆಳಕು ಕಂಡು ಮರಳಿ ಕತ್ತಲೆಗೆ ಸಂದಿವೆ. ಆದಕಾರಣ ಪೊರೆ ತೆಗೆದ ತರುವಾಯದ ಬಾಳಿನ ವಿಷಯವನ್ನು ಈ ಸಭೆಯ ಮುಂದಿಡುವುದು ಉಚಿತವಾಗಿದೆ.

2015ರಿಂದ 2019ರವರೆಗೆ ಭಾರತದಲ್ಲಿ ನಡೆದ ಅಂಧತ್ವದ ರಾಷ್ಟ್ರೀಯ ಸಮೀಕ್ಷೆಯು ಐವತ್ತು ವರ್ಷ ತುಂಬಿದವರ ಕಣ್ಣುಗಳನ್ನು ಪರೀಕ್ಷಿಸಿತು. ಅವರೊಳಗೆ ದೃಷ್ಟಿಹೀನರಾದ ಪ್ರತಿ ನೂರು ಮಂದಿಯಲ್ಲಿ ಸುಮಾರು 66 ಮಂದಿ ತೆಗೆಸದೆ ಉಳಿದ ಪೊರೆಯಿಂದಲೇ ಹಾಗಾದವರು. ಇದು ಹಲವರು ಊಹಿಸಬಲ್ಲ ಸಂಗತಿ. ಆದರೆ ಇನ್ನು ಸುಮಾರು 7 ಮಂದಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದರ ನಂತರದ ತೊಡಕುಗಳಿಂದ ಕಣ್ಣು ಕಳೆದುಕೊಂಡವರೆಂಬುದು ಅದೇ ಸಮೀಕ್ಷೆಯ ಲೆಕ್ಕ. ಈ ಏಳು ಮಂದಿ ಹೆದರಿ ಮನೆಯಲ್ಲಿ ಕುಳಿತವರಲ್ಲ. ಧೈರ್ಯ ಮಾಡಿ, ಬಂಡಿಯನ್ನೋ ಮೋಟಾರನ್ನೋ ಹತ್ತಿ, ವೈದ್ಯರ ಮುಂದೆ ಮಲಗಿ ಬಂದವರು. ಅಂಥವರ ದೃಷ್ಟಿ ಹೋಗುವುದು ಹೆಚ್ಚು ಮರುಕಕ್ಕೆ ಕಾರಣವಲ್ಲವೇ?

ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ಕಣ್ಣಪಾಪೆಯ ಹಿಂದೆ ಹೆಸರುಬೇಳೆಯ ಆಕಾರದ, ಅದಕ್ಕಿಂತ ತುಸು ದೊಡ್ಡದಾದ, ತಿಳಿಯಾದ ಮಣಿಯೊಂದು ತೆಳುವಾದ ಚೀಲದೊಳಗೆ ಇರುತ್ತದೆ. ಹೊರಗಿನ ಬೆಳಕನ್ನು ಒಗ್ಗೂಡಿಸಿ ಕಣ್ಣಿನ ಹಿಂಗೋಡೆಯ ಪಟಲದ ಮೇಲೆ ಬೀಳಿಸುವುದು ಅದರ ಕೆಲಸ. ವಯಸ್ಸು ಏರಿದಂತೆ ಈ ಮಣಿಯೇ ಮಬ್ಬಾಗುತ್ತದೆ. ಮೇಲೆ ಯಾವ ಪೊರೆಯೂ ಬೆಳೆಯುವುದಿಲ್ಲ. ಕಣ್ಣಿನ ಕರಿಗುಡ್ಡೆಯ ಮುಂಭಾಗದಲ್ಲಿ ಗಾಯವಾಗಿ ಮಾದು ಉಳಿಯುವ ಬಿಳಿಯ ಕಲೆಗೆ ಹೂವು ಎಂದು ಹೆಸರು. ಅದು ಬೇರೆಯ ರೋಗ, ಅದಕ್ಕೆ ಈ ಚಿಕಿತ್ಸೆಯಲ್ಲ. ಮುಪ್ಪು ಪೊರೆಗೆ ಮುಖ್ಯ ಕಾರಣವಾದರೂ ಅದಕ್ಕೆ ನೆರವಾಗುವ ಸಂಗತಿಗಳು ಈ ನಾಡಿನಲ್ಲಿ ತುಂಬಿಕೊಂಡಿವೆ. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿ ಮೀರುವ ಈ ಬಯಲಿನಲ್ಲಿ ನೆರಳಿಲ್ಲದ ಹೊಲದ ದುಡಿಮೆ, ಜಾಲಿಯ ಕಟ್ಟಿಗೆ ಹತ್ತಿಯ ಕಟ್ಟಿಗೆ ಉರಿಸುವ ಒಲೆಯ ಹೊಗೆ, ತಂಬಾಕು, ಇತ್ತೀಚೆಗೆ ಹಳ್ಳಿಗಳನ್ನೂ ಹೊಕ್ಕ ಮಧುಮೇಹ, ಇವೆಲ್ಲವೂ ಮಣಿಯನ್ನು ಬೇಗನೆ ಮಬ್ಬುಗೊಳಿಸುತ್ತವೆ.

ಪೊರೆಯೊಡನೆ ಬಾಳುವವನು ತನಗೆ ಕಾಣುವುದಿಲ್ಲವೆಂದು ಮೊದಲಿಗೆ ಹೇಳುವುದೇ ಇಲ್ಲ. ನಡುಹಗಲ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಸಂಜೆಯ ಹೊತ್ತು ಹಿತವಾಗಿದೆ ಎನ್ನುವನು. ಎದುರಿಗೆ ಬರುವ ಮೋಟಾರಿನ ದೀಪದ ಸುತ್ತ ಬಳೆಯಂಥ ಬೆಳಕು ಹಬ್ಬಿದುದನ್ನು ನೋಡುವನು. ಹತ್ತರ ನೋಟನ್ನೂ ಇಪ್ಪತ್ತರ ನೋಟನ್ನೂ ಬೆರಳಿನಿಂದ ಸವರಿ ತಿಳಿಯಲು ಕಲಿಯುವನು. ಮುದುಕಿಯಾದರೆ ಅಕ್ಕಿಯೊಳಗಿನ ಹರಳನ್ನು ಆರಿಸುವುದನ್ನು ಸೊಸೆಗೆ ಒಪ್ಪಿಸಿ, ತನಗೆ ಬೇಸರವಾಗಿದೆಯೆಂದು ನೆವ ಹೇಳುವಳು. ಕೆಲವರಿಗೆ ವಿಚಿತ್ರವಾದೊಂದು ಸಂತೋಷವೂ ಒದಗುತ್ತದೆ. ಇಪ್ಪತ್ತು ವರ್ಷ ಚಾಳೀಸು ಹಾಕಿದವನು ಒಂದು ದಿನ ಅದಿಲ್ಲದೆಯೇ ಪುರಾಣದ ಪುಸ್ತಕವನ್ನು ಓದಬಲ್ಲನಾಗಿ, ಮುಪ್ಪಿನಲ್ಲಿ ಹರೆಯದ ಕಣ್ಣು ಮರಳಿತೆಂದು ಊರವರಿಗೆಲ್ಲ ಸಾರುವನು. ಅದು ಮರಳಿದ ಹರೆಯವಲ್ಲ. ಮಣಿಯ ನಡುವಣ ತಿರುಳು ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸತೊಡಗಿದುದರ ಫಲ. ಕೆಲವು ತಿಂಗಳೊಳಗೆ ಆ ಸಂತೋಷವೂ ಮಬ್ಬಾಗುವುದು.

ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣವೆಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಉಳಿದಿದೆ. ಹಿಂದಿನ ಕಾಲದ ಶಸ್ತ್ರಕ್ರಮಕ್ಕೆ ಆ ಮಾತು ತಕ್ಕುದಾಗಿದ್ದಿತು. ಈಗಿನ ಕ್ರಮಕ್ಕೆ ಅದು ಸಲ್ಲದು. ಅತಿಯಾಗಿ ಬಲಿತ ಮಣಿಯು ಉಬ್ಬಿಯೋ ಸೋರಿಯೋ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಲ್ಲದು. ಆಗ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗುತ್ತದೆ. ಈ ಸ್ಥಿತಿಯಲ್ಲಿ ದಿನಗಳು ಕಳೆದರೆ ಕಣ್ಣಿನ ನರವೇ ಒಣಗಿ, ಆಮೇಲೆ ಪೊರೆ ತೆಗೆದರೂ ಬೆಳಕು ಬಾರದು. ನಿತ್ಯದ ಕೆಲಸಕ್ಕೆ ಅಡ್ಡಿಯಾಯಿತೆಂದರೆ ಅದೇ ತಕ್ಕ ಕಾಲವೆಂದು ತಿಳಿಯತಕ್ಕದ್ದು.

ಈ ರೋಗಕ್ಕೆ ಶಸ್ತ್ರೋಪಚಾರವು ಈ ದೇಶಕ್ಕೆ ಹೊಸದಲ್ಲ. ಸುಶ್ರುತನ ಸಂಹಿತೆಯಲ್ಲಿಯೇ ಅದರ ವಿವರಣೆಯುಂಟು. ಮೊನೆಯಾದ ಶಲಾಕೆಯಿಂದ ಮಬ್ಬಾದ ಮಣಿಯನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ದೂಡುವುದು ಆ ಪುರಾತನ ಕ್ರಮದ ಬಗೆ. ಮಣಿಯನ್ನು ಕಣ್ಣಿನಿಂದಲೇ ಹೊರತೆಗೆಯುವ ಪದ್ಧತಿಯನ್ನು 1747ರ ಸುಮಾರಿಗೆ ಫ್ರಾನ್ಸಿನ ಜಾಕ್ ದಾವಿಯೇಲ್ ಎಂಬ ವೈದ್ಯನು ರೂಢಿಗೆ ತಂದನು. ಅದನ್ನು ಕನ್ನಡನಾಡಿನ ಬಡವರ ಬಾಗಿಲಿಗೆ ಕೊಂಡೊಯ್ದವರಲ್ಲಿ ಡಾಕ್ಟರ ಎಂ. ಸಿ. ಮೋದಿಯವರ ಹೆಸರು ಚಿರಸ್ಮರಣೀಯ. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮಂದಿಗೆ ಪೊರೆಯ ಚಿಕಿತ್ಸೆ ಮಾಡಿದುದು ಜಗತ್ತಿನ ದಾಖಲೆಯೊಳಗೆ ಸೇರಿತು. 2005ರಲ್ಲಿ ಅವರು ಕಾಲವಾದಾಗ ಬೆಳಕು ಕಂಡ ಲಕ್ಷಾಂತರ ಮನೆಗಳು ಅವರನ್ನು ನೆನೆದವು.

ಆ ಕಾಲದಲ್ಲಿ ಪೊರೆ ತೆಗೆದ ತರುವಾಯದ ಬಾಳು ಎಂತಿದ್ದಿತು ಎಂಬುದನ್ನು ಮುದುಕರು ಇನ್ನೂ ಬಲ್ಲರು. ಮಣಿ ಹೋದ ಕಣ್ಣಿಗೆ ಅದರ ಬದಲು ಶೀಸೆಯ ಬುಡದಂಥ ದಪ್ಪನೆಯ ಗಾಜಿನ ಚಾಳೀಸನ್ನು ಕೊಡುತ್ತಿದ್ದರು. ಅದರ ಮೂಲಕ ಪ್ರತಿಯೊಂದು ವಸ್ತುವೂ ಕಾಲುಪಾಲಿನಷ್ಟು ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುವುದು. ನೀರಿನ ತಂಬಿಗೆಗೆ ಕೈಚಾಚಿದರೆ ಕೈ ಬರಿಗಾಳಿಯಲ್ಲಿ ನಿಲ್ಲುವುದು. ನೆಟ್ಟಗಿನ ಬಾಗಿಲಕಂಬ ಬಿಲ್ಲಿನಂತೆ ಬಾಗುವುದು. ಗಾಜಿನ ಅಂಚಿನ ಸುತ್ತ ಏನೂ ಕಾಣದ ಬಳೆಯೊಂದಿದ್ದು, ಪಕ್ಕದಿಂದ ಬಂದ ಎಮ್ಮೆ ಭೂತದಂತೆ ಒಮ್ಮೆಲೆ ಎದುರು ನಿಲ್ಲುವುದು. ಒಂದೇ ಕಣ್ಣಿಗೆ ಚಿಕಿತ್ಸೆಯಾದರೆ ಎರಡು ಕಣ್ಣುಗಳ ಚಿತ್ರಗಳು ಕೂಡುತ್ತಲೇ ಇರಲಿಲ್ಲ. ಆ ಚಾಳೀಸು ಕೆಳಗೆ ಬಿದ್ದು ಒಡೆದ ದಿನ ಮನುಷ್ಯನು ಮತ್ತೆ ಕುರುಡನೇ. ದೇವದುರ್ಗದ ಆಚೆಯ ಹಳ್ಳಿಯೊಂದರಲ್ಲಿ ಅಂಥ ಗಾಜು ಎಲ್ಲಿ ಸಿಕ್ಕಬೇಕು?

ಈ ಕಷ್ಟವನ್ನು ಕಳೆದುದು ಒಂದು ಯುದ್ಧಕಾಲದ ಅವಲೋಕನೆ. ವಿಮಾನಯೋಧರ ಕಣ್ಣುಗಳೊಳಗೆ ವಿಮಾನದ ಮುಚ್ಚಳದ ಒಂದು ಬಗೆಯ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದರೂ ಕಣ್ಣು ಕೆರಳದಿರುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯನು ಗಮನಿಸಿದನು. 1949ನೆಯ ನವೆಂಬರ 29ರಂದು ಅಂಥದೇ ವಸ್ತುವಿನ ಕೃತಕ ಮಣಿಯನ್ನು ರೋಗಿಯೊಬ್ಬರ ಕಣ್ಣಿನೊಳಗೆ ಇರಿಸಿದನು. ಹಿರಿಯ ವೈದ್ಯರು ಆತನನ್ನು ಬಹುಕಾಲ ಜರೆದರು; ಹೊಸತನ್ನು ಕಂಡವರ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ. ಭಾರತದಲ್ಲಿ ಅದು ಬಡವರಿಗೆ ಎಟಕುವಂತಾದುದು 1992ರಲ್ಲಿ ಮದುರೆಯ ಅರೋಲ್ಯಾಬ್ ಕಾರ್ಖಾನೆ ಅಗ್ಗದ ಬೆಲೆಗೆ ಕೃತಕ ಮಣಿಗಳನ್ನು ತಯಾರಿಸತೊಡಗಿದ ಮೇಲೆ. ಈಗ ಸಣ್ಣ ಸೀಳಿನ ಮೂಲಕ, ಅನೇಕ ವೇಳೆ ಹೊಲಿಗೆಯೂ ಇಲ್ಲದೆ, ಹಳೆಯ ಮಣಿಯ ಚೀಲದೊಳಗೇ ಹೊಸ ಮಣಿಯನ್ನು ಕೂರಿಸುವರು. ರೋಗಿ ಅಂದೋ ಮರುದಿನವೋ ಮನೆಗೆ ಮರಳುವನು. ಕೆಲಸವು ಇಷ್ಟು ಹಗುರವಾಗಿ ತೋರುವುದೇ ಒಂದು ಅಪಾಯ. ದೊಡ್ಡ ಗಾಯವೆಂದರೆ ಜನ ಜೋಪಾನ ಮಾಡುವರು. ಕಾಣದ ಗಾಯವನ್ನು ಮರೆತುಬಿಡುವರು.

ಪಟ್ಟಿ ಬಿಚ್ಚಿದ ಬೆಳಗಿನ ಸಂತೋಷ ಬಣ್ಣಿಸಲಸಾಧ್ಯ. ಹಳದಿಗಟ್ಟಿದ ಮಣಿಯಿಂದ ವರ್ಷಾನುಗಟ್ಟಲೆ ನೋಡಿದವರಿಗೆ ಬಿಳಿಯ ಧೋತರ ನೀಲಿಯಾಗಿ ಹೊಳೆಯುವುದು. ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ, ಕೆಲವು ವಾರಗಳಲ್ಲಿ ಮನಸ್ಸು ಹೊಂದಿಕೊಳ್ಳುತ್ತದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಬಣ್ಣಗಳು ತಪ್ಪಾಗಿ ಕಾಣುತ್ತವೆಂದು ವೈದ್ಯನೊಡನೆ ಜಗಳವಾಡಿ, ಇನ್ನೊಂದು ಕಣ್ಣನ್ನು ಮುಟ್ಟಗೊಡಲೇ ಇಲ್ಲ. ಬಣ್ಣವೇ ಬದುಕಾಗಿದ್ದ ಅಂಥವನೂ ಕಂಗೆಟ್ಟಿದ್ದನೆಂದರೆ, ಮುಂಚಿತವಾಗಿ ಹೇಳುವವರಿಲ್ಲದ ಒಕ್ಕಲಿಗನು ಕಂಗೆಡುವುದು ಸಹಜವೇ.

ಇನ್ನು ಮೊದಲ ವಾರದ ಮಾತು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಅತಿ ದೊಡ್ಡ ಶತ್ರುವೆಂದರೆ ಒಳಹೊಕ್ಕ ಸೋಂಕು. ಅದು ವಿರಳ, ಬಂದರೆ ಮಾತ್ರ ಗಂಟೆಗಳ ಲೆಕ್ಕದಲ್ಲಿ ಕಣ್ಣನ್ನು ಕೆಡಿಸುತ್ತದೆ. ಮೊದಲ ದಿನಕ್ಕಿಂತ ಮೂರನೆಯ ದಿನ ನೋವು ಹೆಚ್ಚಿದರೆ, ಕೆಂಪು ಏರಿದರೆ, ನಿನ್ನೆ ಕಂಡುದು ಇಂದು ಕಾಣದಿದ್ದರೆ, ಬೆಳಗಾಗಲೆಂದು ಕಾಯದೆ ಚಿಕಿತ್ಸೆ ಮಾಡಿದಲ್ಲಿಗೇ ಓಡಬೇಕು. ಗುಣಮುಖವಾಗುತ್ತಿರುವ ಕಣ್ಣು ದಿನದಿನಕ್ಕೆ ಸುಧಾರಿಸುವುದೇ ಹೊರತು ಹಿಂದೆ ಸರಿಯುವುದಿಲ್ಲ. ಕಣ್ಣನ್ನು ಉಜ್ಜುವುದು, ತಲೆಗೆ ನೀರು ಹುಯ್ದುಕೊಳ್ಳುವುದು, ಭಾರ ಎತ್ತುವುದು ವೈದ್ಯರು ಹೇಳಿದ ದಿನಗಳ ತನಕ ವರ್ಜ್ಯ. ಇದನ್ನು ಪಟ್ಟಣದಲ್ಲಿ ಹೇಳುವುದು ಸುಲಭ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ; ಕೊಯ್ಲಿನ ಕಾಲದಲ್ಲಿ ಭತ್ತದ ಗರಿಯೋ ಹೊಟ್ಟೋ ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲೆ ಬೂಷ್ಟಿನ ಹುಣ್ಣಾಗಬಲ್ಲದು. ದೇವದುರ್ಗದ ಕಡೆ ಹತ್ತಿ ಬಿಡಿಸುವ ದೂಳು, ಅಂಗಳದಲ್ಲಿ ಒಣಗಿಸಿದ ಮೆಣಸಿನಕಾಯಿಯ ಘಾಟು. ಮನೆಯೊಳಗೆ ಕುಳಿತರೆ ಒಲೆಯ ಹೊಗೆ. ಆದುದರಿಂದ ಸುಗ್ಗಿಗೆ ಎರಡು ತಿಂಗಳು ಮುಂಚೆಯೋ ಸುಗ್ಗಿ ತೀರಿದ ಮೇಲೆಯೋ ಚಿಕಿತ್ಸೆಯ ದಿನವನ್ನು ಗೊತ್ತುಮಾಡಿಕೊಳ್ಳುವುದು ಬುದ್ಧಿವಂತಿಕೆ.

ಹನಿಮದ್ದಿನ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಚಿಕಿತ್ಸೆ ಕೆಡುವುದು ಎಷ್ಟೋ ಸಲ ಇಲ್ಲಿಯೇ. ನಾಲ್ಕರಿಂದ ಆರು ವಾರ, ಮೊದಲು ದಿನಕ್ಕೆ ಹಲವು ಬಾರಿ, ಆಮೇಲೆ ಕ್ರಮವಾಗಿ ಇಳಿಸುತ್ತ ಹನಿ ಹಾಕಬೇಕು. ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಮುದುಕಿಯನ್ನು ಕಲ್ಪಿಸಿಕೊಳ್ಳಿರಿ. ಮಗನೂ ಸೊಸೆಯೂ ಗುಳೆ ಹೋಗಿದ್ದಾರೆ, ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸಕ್ಕೆ. ಮನೆಯಲ್ಲಿ ಏಳು ವರ್ಷದ ಮೊಮ್ಮಗ. ಮುದುಕಿಯ ಬೆರಳುಗಳು ಕೀಲುನೋವಿನಿಂದ ಸೆಟೆದಿವೆ. ಸೀಸೆಯನ್ನು ಅದುಮಲಾರಳು, ಅದುಮಿದರೆ ಹನಿ ಕೆನ್ನೆಗೆ ಬೀಳುತ್ತದೆ, ಇಲ್ಲವೆ ಸೀಸೆಯ ತುದಿ ಕಣ್ಣಿಗೆ ತಾಗಿ ಮದ್ದೇ ಮಲಿನವಾಗುತ್ತದೆ. ಮೂರು ದಿನ ಮೊಮ್ಮಗ ಹಾಕುವನು, ನಾಲ್ಕನೆಯ ದಿನ ಆಟಕ್ಕೆ ಓಡುವನು. ಇಂಥವಳ ಕಣ್ಣು ಮಬ್ಬಾದರೆ ಅದಕ್ಕೆ ಶಸ್ತ್ರವೈದ್ಯರ ಕೈಯನ್ನು ದೂರಿ ಫಲವೇನು? ಬೇಕಾಗಿದ್ದುದು ದಿನಕ್ಕೆ ನಾಲ್ಕು ಸಲ ತೊಳೆದ ಕೈಯೊಂದು ಮಾತ್ರ. ಹನಿ ಹಾಕುವ ಬಗೆಯನ್ನು ಊರಿನ ಇಬ್ಬರು ಮೂವರು ತರುಣರಿಗೆ ಕಲಿಸಿ, ಆ ಆರು ವಾರ ಮನೆಮನೆಗೆ ಹೋಗುವಂತೆ ಏರ್ಪಡಿಸಿದರೆ, ಅದು ಒಂದು ಶಿಬಿರದಷ್ಟೇ ಬೆಲೆಯುಳ್ಳ ದಾಸೋಹವಾಗುವುದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮದ್ದು ಹಿತವೆನಿಸಿತೆಂದು, ಆರು ವಾರ ತೀರಿದ ಮೇಲೆಯೂ ಖಾಲಿ ಸೀಸೆ ತೋರಿಸಿ ಅಂಗಡಿಯಿಂದ ಅದನ್ನೇ ತರಿಸಿ ವರ್ಷಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಕೆಂಪನ್ನು ತಗ್ಗಿಸುವ ಆ ಮದ್ದಿನಲ್ಲಿ ಸ್ಟಿರಾಯ್ಡ್ ಎಂಬ ದ್ರವ್ಯವಿದ್ದು, ಕೆಲವರ ಕಣ್ಣಿನ ಒತ್ತಡವನ್ನು ಸದ್ದಿಲ್ಲದೆ ಏರಿಸುತ್ತದೆ. ಕಾಚಬಿಂದು ಎಂದು ಇಲ್ಲಿ ಕರೆಯುವ ರೋಗ ಅದರಿಂದ ಹುಟ್ಟಿ, ಪಕ್ಕದ ನೋಟವನ್ನು ಮೊದಲು ತಿಂದು ಕಡೆಗೆ ನಡುವಣ ನೋಟವನ್ನೂ ನುಂಗುತ್ತದೆ. ಮೋತಿಬಿಂದುವಿನಿಂದ ಹೋದ ದೃಷ್ಟಿ ಮರಳುವುದು, ಕಾಚಬಿಂದುವಿನಿಂದ ಹೋದುದು ಮರಳದು. ಹೆಸರುಗಳು ಹೋಲುವುದರಿಂದ ಜನರು ಇವೆರಡನ್ನೂ ಒಂದೆಂದೇ ಎಣಿಸಿರುವುದು ದುರ್ದೈವ.

ಚಿಕಿತ್ಸೆಯಾಗಿ ಕೆಲವು ತಿಂಗಳೋ ಎರಡು ಮೂರು ವರ್ಷವೋ ಸುಖವಾಗಿ ಕಳೆದ ಮೇಲೆ ಮತ್ತೆ ಮಂಜು ಕವಿಯತೊಡಗುವುದು ಬಹಳ ಸಾಮಾನ್ಯ. ಆಪರೇಷನ್ ಕೆಟ್ಟಿತು, ಪೊರೆ ಮತ್ತೆ ಬೆಳೆಯಿತು, ಹಣೆಯಲ್ಲಿ ಬರೆದುದಿಷ್ಟೇ ಎಂದು ಮುದುಕರು ಮರಳಿ ಕಟ್ಟೆಯ ಮೂಲೆಯನ್ನು ಹಿಡಿಯುವರು. ನಿಜಸ್ಥಿತಿ ಬೇರೆ. ತೆಗೆದ ಮಣಿ ಮತ್ತೆ ಹುಟ್ಟುವುದಿಲ್ಲ. ಹೊಸ ಮಣಿಗೆ ಆಸರೆಯಾಗಿ ಉಳಿಸಿದ ಹಳೆಯ ಚೀಲದ ಹಿಂಭಾಗವು ಮಬ್ಬಾಗಿರುತ್ತದೆ. ಇದಕ್ಕೆ ಮತ್ತೆ ಕತ್ತಿಯ ಹಂಗಿಲ್ಲ. ಯಾಗ್ ಲೇಸರ್ ಎಂಬ ಕಿರಣದಿಂದ ಆ ಮಬ್ಬಿನ ನಡುವೆ ಚಿಕ್ಕ ಕಿಟಕಿಯೊಂದನ್ನು ತೆರೆಯುವರು. ರೋಗಿ ಯಂತ್ರದ ಮುಂದೆ ಗದ್ದವಿಟ್ಟು ಕುಳಿತರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಗಾಯವಿಲ್ಲ, ಹೊಲಿಗೆಯಿಲ್ಲ, ಅಂದೇ ಊರಿಗೆ ಮರಳಬಹುದು. ಇಷ್ಟು ಸುಲಭದ ಚಿಕಿತ್ಸೆಯನ್ನು ಅರಿಯದೆ, ಎರಡನೆಯ ಸಲ ಕವಿದ ಕತ್ತಲೆಯನ್ನು ಕರ್ಮವೆಂದು ಒಪ್ಪಿ ಕುಳಿತವರಿರುವುದು ಬಲು ನೋವಿನ ಸಂಗತಿ. ಮೊದಲ ಕತ್ತಲೆಯಾದರೂ ಮೆಲ್ಲಗೆ ಬಂದುದು; ಒಮ್ಮೆ ಮೊಮ್ಮಕ್ಕಳ ಮುಖ ಕಂಡು ಮತ್ತೆ ಕಳೆದುಕೊಳ್ಳುವ ಸಂಕಟ ಅದಕ್ಕಿಂತ ಕಡಿದು.

ಸಣ್ಣ ತೊಂದರೆಗಳನ್ನು ಇಲ್ಲಿ ಬೇಗ ಹೇಳಿ ಮುಗಿಸಬಹುದು. ಸಾಮಾನ್ಯವಾಗಿ ಕೊಡುವ ಕೃತಕ ಮಣಿ ದೂರದ ನೋಟಕ್ಕೆ ಹೊಂದಿಸಿದುದು. ಓದಲು, ಸೂಜಿಗೆ ದಾರ ಪೋಣಿಸಲು ಚಾಳೀಸು ಬೇಕೇ ಬೇಕು. ಅದು ಚಿಕಿತ್ಸೆಯ ಸೋಲಲ್ಲ. ಕಣ್ಣಲ್ಲಿ ಮರಳು ಬಿದ್ದಂತೆ ಒರಸುವುದು ಕಣ್ಣಿನ ಒಣಗುವಿಕೆಯಿಂದ. ತೇವ ಕೊಡುವ ಹನಿಗಳಿಂದ ಶಮನವಾಗುತ್ತದೆ. ಒಂದೆರಡು ಕರಿಯ ನೊರಜುಗಳು ಕಣ್ಣ ಮುಂದೆ ತೇಲಿದರೆ ಹೆದರಿಕೆಯಿಲ್ಲ; ಆದರೆ ಅಂಥವು ಒಮ್ಮೆಗೇ ಮಳೆಯಂತೆ ಸುರಿದರೆ, ಮಿಂಚು ಹೊಳೆದಂತಾದರೆ, ಒಂದು ಪಕ್ಕದಿಂದ ಪರದೆ ಇಳಿದಂತಾದರೆ, ಹಿಂಗೋಡೆಯ ಪಟಲವೇ ಕಳಚುತ್ತಿದೆಯೆಂದು ತಿಳಿದು ಅದೇ ದಿನ ವೈದ್ಯರನ್ನು ಕಾಣಬೇಕು. ಮಧುಮೇಹವುಳ್ಳವರಿಗೆ ಪೊರೆ ತೆಗೆದುದರಿಂದ ಕಣ್ಣಿನ ಹಿಂಗೋಡೆಯ ರೋಗ ತೆಗೆದಂತಾಗಲಿಲ್ಲ. ಅವರು ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ನಾಡಿಗೆ ನಾದದ ದಾರಿ ತೋರಿದವರು. ಅಂಥ ಅಂಧತ್ವದ ಮುಂದೆ ಲೋಕವು ತಲೆಬಾಗುತ್ತದೆ. ಆದರೆ ಪೊರೆಯ ಕುರುಡು ಆ ಜಾತಿಯದಲ್ಲ. ಅದು ಒಂದು ಮೋಟಾರಿನ ಟಿಕೀಟು, ಜೊತೆಗೆ ಬರುವ ಒಬ್ಬ ಮನುಷ್ಯ, ಒಂದು ಸೀಸೆ ಹನಿಮದ್ದು ಇಲ್ಲದುದರ ಕುರುಡು.

ಹಿಂದೆ ಶಾಲೆಗಳ ಪಡಸಾಲೆಗಳಲ್ಲಿಯೂ ಮಠಗಳ ಅಂಗಳಗಳಲ್ಲಿಯೂ ಶಸ್ತ್ರಚಿಕಿತ್ಸೆಯೇ ನಡೆಯುತ್ತಿದ್ದಿತು. ಸೋಂಕಿನ ಭಯದಿಂದ ಆ ಪದ್ಧತಿ ನಿಂತು, ಶಿಬಿರಗಳಲ್ಲಿ ತಪಾಸಣೆ ಮಾತ್ರ ಮಾಡಿ ಚಿಕಿತ್ಸೆಯನ್ನು ಆಸ್ಪತ್ರೆಗಳಲ್ಲಿ ಮಾಡುವುದು ನಿಯಮವಾಗಿದೆ. ಇದು ಒಳಿತೇ. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯವಿದ್ಯಾಲಯವೂ ಇದೆ. ಆದರೆ ರೋಗಿಯನ್ನು ಕರೆದೊಯ್ಯುವ ಮೋಟಾರು ಒಂದು ಸಲ ಬರುತ್ತದೆ. ವಾರದ ತಪಾಸಣೆಗೆ, ತಿಂಗಳ ತಪಾಸಣೆಗೆ, ಚಾಳೀಸಿನ ನಂಬರಿಗೆ ಅದು ಬಾರದು. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದವನದೂ ಹೋಯಿತು. ಹೆಂಗಸರ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಗಂಡನ ಕಣ್ಣಿಗೆ ಎರಡು ಸಲ ಹೋದ ಮನೆಯವರು ಹೆಂಡತಿಯ ಕಣ್ಣಿಗೆ ಮುಂದಿನ ವರ್ಷವೆನ್ನುವರು. ಶಿಬಿರ ನಡೆಸುವ ಸಂಸ್ಥೆಗಳು ಎಷ್ಟು ಮಂದಿಗೆ ಪೊರೆ ತೆಗೆಸಿದೆವೆಂಬ ಸಂಖ್ಯೆಯನ್ನು ಫಲಕದ ಮೇಲೆ ಬರೆಸುತ್ತವೆ. ಅದರ ಕೆಳಗೆ, ಆರನೆಯ ವಾರ ಎಷ್ಟು ಮಂದಿ ಮರಳಿ ಬಂದು ಎಷ್ಟು ಮಂದಿ ಗಡಿಯಾರದ ಮುಳ್ಳನ್ನು ಓದಿದರೆಂಬ ಇನ್ನೊಂದು ಸಂಖ್ಯೆಯನ್ನೂ ಬರೆಸುವ ರೂಢಿ ಬರಬೇಕು. ಮೊದಲನೆಯದು ದೊಡ್ಡದಾಗಿ ಎರಡನೆಯದು ಚಿಕ್ಕದಾಗಿ ಕಂಡರೆ ನಾಚಿಕೆಪಡಬೇಕಾದ ಕಾರಣವಿಲ್ಲ. ಬರದೇ ಉಳಿದವರ ಹೆಸರು ಹಿಡಿದು ಅವರ ಮನೆಗೆ ಹೋಗಲು ಅದರಿಂದ ದಾರಿಯಾಗುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು, ಅದಕ್ಕೆ ಖರ್ಚಿಲ್ಲ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಆದಕಾರಣ ಪೊರೆ ತೆಗೆಸಿದವರು ಪ್ರತಿ ಹುಣ್ಣಿಮೆಯ ದಿನ ಬೆಳಗಿನ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ಕುಳಿತು, ಎದುರುಗೋಡೆಯ ಮೇಲಿನ ತೂಗುಪಂಚಾಂಗವನ್ನು ಅಂಗೈಯಿಂದ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಬೇಕು. ಕಳೆದ ಹುಣ್ಣಿಮೆಗೆ ಕಂಡ ಅಂಕಿ ಈ ಹುಣ್ಣಿಮೆಗೆ ಮಸಕಾಗಿದ್ದರೆ, ಮರುದಿನದ ಮೊದಲ ಮೋಟಾರಿಗೆ ರಾಯಚೂರಿಗೆ ಹೊರಡತಕ್ಕದ್ದು. ಹೊರಡುವಾಗ ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಚೀಲದಲ್ಲಿಟ್ಟುಕೊಳ್ಳಲು ಮರೆಯಬಾರದು. ಒಳಗಿರಿಸಿದ ಮಣಿಯ ನಂಬರು ಅದರಲ್ಲಿರುತ್ತದೆ.